ಪೊಲೀಸ್ ಇಲಾಖೆಯ ಪ್ರಾಜೆಕ್ಟ್ ಕೆಲಸಕ್ಕೆ ಸೇರುವುದು ಹೇಗೆ: ಹಾಸನ, ಚಿಕ್ಕಮಗಳೂರಿನ ಯುವಜನರಿಗೆ

ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿ, ‘ಸರ್, ಪೊಲೀಸ್ ಇಲಾಖೆಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಪೋಸ್ಟಿಗೆ ಅರ್ಜಿ ಯಾವಾಗ ಕರೀತಾರೆ?’ ಎಂದು ಕೇಳಿದಳು. ಆ ಹೆಸರಿನ ಕಾಯಂ ಹುದ್ದೆಗೆ ಕಾಯುತ್ತ ಕೂತರೆ ವಯಸ್ಸು ಮೀರಿಹೋಗುತ್ತದೆ. ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ಎಸ್‌ಪಿ, ಅಡಿಷನಲ್ ಎಸ್‌ಪಿ, ಡಿವೈಎಸ್‌ಪಿ, ಇನ್‌ಸ್ಪೆಕ್ಟರುಗಳಿದ್ದಾರೆ. ಆಡಳಿತದ ಕಡೆ ಶಾಖಾ ಅಧೀಕ್ಷಕರು, ಎಫ್‌ಡಿಎ, ಎಸ್‌ಡಿಎಗಳು (ಪ್ರಥಮ, ದ್ವಿತೀಯ ದರ್ಜೆ ಸಹಾಯಕರು) ಇದ್ದಾರೆ. ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಬೋರ್ಡು ಯಾವ ಕೋಣೆಯ ಮೇಲೂ ಕಾಣುವುದಿಲ್ಲ.

ಕೆಲಸ ಮಾತ್ರ ಬೇಕಾದಷ್ಟಿದೆ. ಠಾಣೆಗೆ ಸಿಸಿಟಿವಿ ಹಾಕಿಸಬೇಕು, ತುರ್ತು ಸಹಾಯದ 112ರ ವಾಹನಗಳು ಕರೆ ಬಂದ ಜಾಗಕ್ಕೆ ಬೇಗ ತಲುಪುವಂತೆ ನಿಲ್ಲಿಸಬೇಕು, ಹಳೇ ಕ್ವಾರ್ಟರ್ಸ್ ಕೆಡವಿ ಹೊಸದು ಕಟ್ಟಿಸಬೇಕು, ಹೊಸ ಕಾನೂನಿಗೆ ತಕ್ಕಂತೆ ಎಲ್ಲ ತನಿಖಾಧಿಕಾರಿಗಳ ಕೈಗೆ ಟ್ಯಾಬ್ ಕೊಟ್ಟು ಬಳಸಲು ಕಲಿಸಬೇಕು. ಇವಕ್ಕೆಲ್ಲ ಒಂದು ಆರಂಭದ ದಿನ, ಒಂದು ಮುಗಿಯುವ ದಿನ, ಇಷ್ಟೇ ಎಂದು ಗೊತ್ತಾದ ದುಡ್ಡು ಇರುತ್ತದೆ. ಇದನ್ನು ಹೊತ್ತು ನಡೆಸುವವರು ಯಾರೋ ಒಬ್ಬರು ಇದ್ದೇ ಇರುತ್ತಾರೆ. ಆ ಜಾಗಕ್ಕೆ ಹೋಗುವ ದಾರಿಯನ್ನು ನನಗೆ ಗೊತ್ತಿರುವ ಮಟ್ಟಿಗೆ ಹೇಳುತ್ತೇನೆ. ಈ ಎರಡು ಜಿಲ್ಲೆಗಳ ಠಾಣೆಗಳಲ್ಲಿ ಕಂಪನಿಯ ಕಡೆಯಿಂದ ಕ್ಯಾಮೆರಾ, ನೆಟ್‌ವರ್ಕ್ ಕೆಲಸ ಮಾಡಿಸಿದವನು ನಾನು. ಈ ಕೆಲಸದ ಮೇಲೆ ನನಗೆ ನಿಜವಾದ ಪ್ರೀತಿ ಇದೆ.

ಹಂತ 1: ಯಾವ ಕೆಲಸ ಎಂಬುದನ್ನು ಮೊದಲು ಕಣ್ಣಾರೆ ನೋಡಿ

ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಒಂದು ವಾರ ಇಲಾಖೆಯ ಯೋಜನೆಗಳ ಬಗ್ಗೆ ಓದಿ. ದುಡ್ಡು ಎಲ್ಲಿಂದ ಬರುತ್ತದೆ ಎಂಬಲ್ಲಿಂದ ಶುರು ಮಾಡಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಪೊಲೀಸ್ ಪಡೆಗಳ ಆಧುನೀಕರಣ ಯೋಜನೆ 1969ರಿಂದ ನಡೆದು ಬಂದಿದೆ. ಕರ್ನಾಟಕದಂಥ ರಾಜ್ಯಗಳಿಗೆ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಬೆಂಗಳೂರಿನ ಸೇಫ್ ಸಿಟಿ ಯೋಜನೆಗೆ ಮಹಿಳೆಯರ ಸುರಕ್ಷತೆಗೆಂದು ಇರುವ ನಿರ್ಭಯಾ ನಿಧಿಯಿಂದ ಇದೇ ಲೆಕ್ಕದಲ್ಲಿ 667 ಕೋಟಿ ರೂಪಾಯಿಗೆ ಮಂಜೂರಾತಿ ಸಿಕ್ಕಿತ್ತು. ದೇಶದ ಠಾಣೆಗಳನ್ನೆಲ್ಲ ಒಂದೇ ಜಾಲಕ್ಕೆ ಜೋಡಿಸುವ ಸಿಸಿಟಿಎನ್‌ಎಸ್‌ಗೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಕಟ್ಟಡದ ಕೆಲಸವೆಲ್ಲ ಹೆಚ್ಚಾಗಿ 1985ರಲ್ಲಿ ಶುರುವಾದ ರಾಜ್ಯ ಪೊಲೀಸ್ ವಸತಿ ನಿಗಮದ ಮೂಲಕ ನಡೆಯುತ್ತದೆ. ‘ಪೊಲೀಸ್ ಗೃಹ’ ಯೋಜನೆಯ ಮನೆಗಳನ್ನು ನಿಮ್ಮ ತಾಲ್ಲೂಕಿನಲ್ಲೂ ನೋಡಿರಬಹುದು.

ಇನ್ನೊಂದು ಬಗೆಯ ಕೆಲಸ ನ್ಯಾಯಾಲಯದ ಆದೇಶದಿಂದಲೋ ಕಾನೂನಿನಿಂದಲೋ ಹುಟ್ಟುತ್ತದೆ. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರತಿ ಠಾಣೆಯ ಬಾಗಿಲು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೋಣೆ ಎಲ್ಲ ಕಡೆಯೂ ಧ್ವನಿ ಸಮೇತ ದಾಖಲಿಸುವ ಕ್ಯಾಮೆರಾ ಇರಬೇಕು, ದಾಖಲೆಯನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದಿತು. ಹೇಳಲು ಒಂದೇ ವಾಕ್ಯ; ಅದರ ಹಿಂದೆ ಎಷ್ಟು ಠಾಣೆ, ಎಷ್ಟು ಹಾರ್ಡ್‌ಡಿಸ್ಕು, ಎಷ್ಟು ಕೇಬಲ್ಲು, ಕೆಟ್ಟರೆ ಯಾರು ರಿಪೇರಿ ಮಾಡಬೇಕು ಎಂದು ಯೋಚಿಸಿ ನೋಡಿ. ಹಾಗೆಯೇ 2024ರ ಜುಲೈ 1ರಿಂದ ಜಾರಿಗೆ ಬಂದ, ತನಿಖೆ ಮತ್ತು ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಲೇಬೇಕು. 176ನೇ ಕಲಂನ 3ನೇ ಉಪಕಲಂ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಪ್ರಕರಣಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಇದೆ. ಅಂದರೆ ಇನ್ನು ಕೆಲವು ವರ್ಷ ವಾಹನ, ಉಪಕರಣ, ಸರ್ವರ್, ತರಬೇತಿ ಎಂದು ಒಂದರ ಹಿಂದೊಂದು ಯೋಜನೆ ಬರುತ್ತಲೇ ಇರುತ್ತವೆ. ಈಗ ಕಾಲೇಜಿನಲ್ಲಿರುವವರಿಗೆ ಇದು ಒಳ್ಳೆಯ ಕಾಲ.

ಹಂತ 2: ನಾಲ್ಕು ಬಾಗಿಲಲ್ಲಿ ನಿಮ್ಮದು ಯಾವುದು?

ಮೊದಲನೆಯದು ಖಾಕಿ. ಪಿಯುಸಿ ಆದವರಿಗೆ ಸಿವಿಲ್ ಕಾನ್‌ಸ್ಟೆಬಲ್, ಪದವೀಧರರಿಗೆ ಪಿಎಸ್‌ಐ, ಕೆಪಿಎಸ್‌ಸಿ ಮೂಲಕ ಡಿವೈಎಸ್‌ಪಿ, ಯುಪಿಎಸ್‌ಸಿ ಮೂಲಕ ಐಪಿಎಸ್. ಪಿಎಸ್‌ಐ ಪರೀಕ್ಷೆಯಲ್ಲಿ 50 ಅಂಕದ ಬರವಣಿಗೆ ಪತ್ರಿಕೆಯೊಂದಿದೆ: ಪ್ರಬಂಧ, ಸಾರಾಂಶ, ಭಾಷಾಂತರ. ಇನ್ನೊಂದು 150 ಅಂಕದ ವಸ್ತುನಿಷ್ಠ ಪತ್ರಿಕೆ. ನಮ್ಮ ಕಡೆಯ ಹುಡುಗರು ಓಟಕ್ಕೆ ಕೊಡುವ ಗಮನವನ್ನು ಆ 50 ಅಂಕಕ್ಕೆ ಕೊಡುವುದಿಲ್ಲ. ಮುಂದೆ ಯೋಜನೆಯ ಟಿಪ್ಪಣಿ ಬರೆಯಲು ಬೇಕಾಗುವುದು ಅದೇ ಕೌಶಲ. ಇನ್ನೊಂದು ಮಾತು: 2021ರ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಿಯತ್ತಾಗಿ ಬರೆದವರೂ ಅಷ್ಟು ವರ್ಷ ಕಾದರು. ‘ಇಷ್ಟು ಕೊಟ್ಟರೆ ಮಾಡಿಸಿಕೊಡ್ತೀನಿ’ ಎನ್ನುವವರು ಎದುರಾದರೆ ಅಲ್ಲಿಂದ ಎದ್ದು ಬನ್ನಿ.

ಖಾಕಿಯ ಬಾಗಿಲಿನಿಂದ ಒಳಗೆ ಹೋದವರಿಗೆ ಮೊದಲ ಕೆಲವು ವರ್ಷ ಪ್ರಾಜೆಕ್ಟ್ ಎಂಬ ಮಾತೇ ಇರುವುದಿಲ್ಲ. ತನಿಖೆ, ಬೀಟ್, ಬಂದೋಬಸ್ತು, ರಾತ್ರಿ ಪಾಳಿ. ಬೇಸರ ಬೇಡ. ಠಾಣೆಯ ಕಷ್ಟ ಗೊತ್ತಿರುವ ಅಧಿಕಾರಿ ಮುಂದೆ ಕಂಪ್ಯೂಟರ್ ವಿಭಾಗಕ್ಕೋ ಅಪರಾಧ ದಾಖಲೆ ವಿಭಾಗಕ್ಕೋ ನಿಯೋಜನೆ ಮೇಲೆ ಹೋದಾಗ ಅವರ ಮಾತಿಗೆ ಬೇರೆಯೇ ತೂಕ ಇರುತ್ತದೆ. ಕಾನ್‌ಸ್ಟೆಬಲ್ ಆಗಿ ಸೇರಿದವರಿಗೂ ಇದು ಅನ್ವಯ. ಎಸ್‌ಪಿ ಕಚೇರಿಯಲ್ಲಿ ‘ಆ ಹುಡುಗನನ್ನ ಕರೀರಿ, ಅವನಿಗೆ ಗೊತ್ತು’ ಎಂದು ಹೆಸರು ಹಿಡಿದು ಕರೆಸುವ ಸಿಬ್ಬಂದಿಯನ್ನು ನಾನು ಬಹಳ ನೋಡಿದ್ದೇನೆ.

ಎರಡನೆಯದು ಲಿಪಿಕ ಸಿಬ್ಬಂದಿಯ ಬಾಗಿಲು. ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ, ನನ್ನ ಮಟ್ಟಿಗೆ ಇದೇ ಅತ್ಯಂತ ಗಟ್ಟಿ ದಾರಿ. ಪಿಯುಸಿಗೆ ಎಸ್‌ಡಿಎ, ಪದವಿಗೆ ಎಫ್‌ಡಿಎ. ಪರೀಕ್ಷೆ ಪಾಸಾಗಿ ಇಲಾಖೆ ಆಯ್ಕೆ ಬಂದಾಗ ಪೊಲೀಸ್ ಇಲಾಖೆಯನ್ನು ಕಂಡು ಹೆದರಬೇಡಿ. ಕಟ್ಟಡ, ವಾಹನ, ಖರೀದಿ, ಲೆಕ್ಕಪತ್ರ ಈ ಶಾಖೆಗಳ ಕಡತ ನಿಮ್ಮ ಮೇಜಿನ ಮೇಲೇ ಹಾದು ಹೋಗುತ್ತದೆ. ಎಸ್‌ಪಿ ಸಾಹೇಬರು ಬರುತ್ತಾರೆ, ಹೋಗುತ್ತಾರೆ. ಹಿಂದಿನ ಟೆಂಡರು ಏಕೆ ನಿಂತಿತು ಎಂದು ನೆನಪಿರುವುದು ಶಾಖಾ ಅಧೀಕ್ಷಕರಿಗೆ.

ಮೂರನೆಯದು ತಾಂತ್ರಿಕ ಬಾಗಿಲು. ವಸತಿ ನಿಗಮದ ಎಂಜಿನಿಯರುಗಳು, ವೈರ್‌ಲೆಸ್ ವಿಭಾಗದವರು, ವಿಧಿವಿಜ್ಞಾನ ಪ್ರಯೋಗಾಲಯದವರು. ಸಿವಿಲ್, ಎಲೆಕ್ಟ್ರಾನಿಕ್ಸ್ ಓದಿದವರು ಹಾಸನದ ಮಲೆನಾಡು ಕಾಲೇಜಿನಿಂದಲೂ ಚಿಕ್ಕಮಗಳೂರಿನ ಎಐಟಿಯಿಂದಲೂ ಪ್ರತಿ ವರ್ಷ ಹೊರಬರುತ್ತಾರೆ. ಹೆಚ್ಚಿನವರ ಕಣ್ಣು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಮೇಲೆ. ಈ ಅಧಿಸೂಚನೆಗಳ ಮೇಲೂ ಒಂದು ಕಣ್ಣಿರಲಿ.

ನಾಲ್ಕನೆಯದು ಹೊರಗಿನ ಬಾಗಿಲು. ದೊಡ್ಡ ಯೋಜನೆಗಳಲ್ಲಿ ಇಲಾಖೆಯ ಪರವಾಗಿ ಉಸ್ತುವಾರಿ ನೋಡಲು ಸಲಹಾ ಸಂಸ್ಥೆಯೊಂದರ ತಂಡ ಇರುತ್ತದೆ, ಕೆಲಸ ಮಾಡಿಕೊಡಲು ಗುತ್ತಿಗೆ ಕಂಪನಿ ಇರುತ್ತದೆ. ಪ್ರಾಜೆಕ್ಟ್ ಮ್ಯಾನೇಜರ್, ಜಿಲ್ಲಾ ಸಂಯೋಜಕ ಎಂಬ ಹೆಸರಿನ ಕೆಲಸಗಳು ಸಿಗುವುದು ಇಲ್ಲಿ. ಬೇಗ ಸೇರಬಹುದು, ಬೇಗ ಕಲಿಯಬಹುದು. ಆದರೆ ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಸೇರುವಾಗ ಗುತ್ತಿಗೆ ಎಷ್ಟು ವರ್ಷದ್ದು, ನಿರ್ವಹಣೆ ಅವಧಿ ಸೇರಿದೆಯೇ, ಪಿಎಫ್ ಕಟ್ಟುತ್ತಾರೆಯೇ ಎಂದು ಬಾಯಿಬಿಟ್ಟು ಕೇಳಿ.

ಹೊರದೇಶದ ಆಸೆ ಇರುವವರಿಗೆ ಒಂದು ಮಾತು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಪ್ರಾದೇಶಿಕ ಪೊಲೀಸ್ ಪಡೆಗಳು 43 ಇವೆ. ಅಲ್ಲಿ ಸಮವಸ್ತ್ರವಿಲ್ಲದ ಪೊಲೀಸ್ ಸಿಬ್ಬಂದಿ ಎಂಬ ವರ್ಗವೇ ಬೇರೆ, ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆಗೆ ನೇರ ಜಾಹೀರಾತು ಬರುತ್ತದೆ. ಜೊತೆಗೆ ಹಿನ್ನೆಲೆಯ ಕಟ್ಟುನಿಟ್ಟಿನ ಪರಿಶೀಲನೆ, ಆ ದೇಶದಲ್ಲಿ ವಾಸವಿದ್ದ ದಾಖಲೆ ಎಲ್ಲವೂ ಬೇಕು. ಇಲ್ಲಿಂದ ಅರ್ಜಿ ಹಾಕಿ ನೇರ ಹೋಗಿ ಕೂರುವ ಕೆಲಸ ಅದಲ್ಲ.

ಹಂತ 3: ಕಡತದ ಭಾಷೆ ಮೊದಲು, ಸರ್ಟಿಫಿಕೇಟು ಆಮೇಲೆ

ಪ್ರಾಜೆಕ್ಟ್ ನಿರ್ವಹಣೆಯ ಅಂತರರಾಷ್ಟ್ರೀಯ ಸರ್ಟಿಫಿಕೇಟಾದ ಪಿಎಂಪಿ ಮಾಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ನಾಲ್ಕು ವರ್ಷದ ಪದವಿ ಇದ್ದವರಿಗೂ ಯೋಜನೆ ನಡೆಸಿದ 36 ತಿಂಗಳ ಅನುಭವ, 35 ಗಂಟೆಯ ತರಬೇತಿ ಕೇಳುವ ಪರೀಕ್ಷೆ ಅದು. ಕಾಲೇಜು ಮುಗಿಸಿದ ಕೂಡಲೇ ಆಗುವುದಿಲ್ಲ. ಹೊಸಬರಿಗೆ ಅದೇ ಸಂಸ್ಥೆಯ ಸಿಎಪಿಎಂ ಇದೆ, 23 ಗಂಟೆಯ ತರಬೇತಿ ಸಾಕು. ಬ್ರಿಟಿಷ್ ಸರ್ಕಾರಿ ಕಚೇರಿಗಳಿಂದ ಬಂದ ಪ್ರಿನ್ಸ್2 ಇನ್ನೊಂದು. ಸಲಹಾ ಸಂಸ್ಥೆಗಳ ಬಾಗಿಲು ತಟ್ಟುವವರಿಗೆ ಇವು ಉಪಯೋಗಕ್ಕೆ ಬರುತ್ತವೆ. ದುಡ್ಡಿಲ್ಲದಿದ್ದರೆ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ತಾಣದಲ್ಲಿ ಐಐಟಿ ಮೇಷ್ಟ್ರುಗಳ ಪಾಠವನ್ನು ಪುಕ್ಕಟೆ ಕೇಳಿ. ಪರೀಕ್ಷೆ ಬರೆದರೆ ಮಾತ್ರ ಶುಲ್ಕ. ಪೊಲೀಸ್ ಆಡಳಿತವನ್ನೇ ಓದಬೇಕೆಂದಿದ್ದರೆ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಪಕ್ಕದ ಶಿವಮೊಗ್ಗದಲ್ಲೇ ಇದೆ.

ಆದರೆ ಇವೆಲ್ಲ ಇದ್ದೂ ಕಡತ ಓದಲು ಬಾರದೆ ಒದ್ದಾಡಿದವರನ್ನು ನೋಡಿದ್ದೇನೆ. ಸರ್ಕಾರಿ ಯೋಜನೆ ನಡೆಯುವ ಕ್ರಮ ಹೀಗಿದೆ: ಮೊದಲು ಪ್ರಸ್ತಾವನೆ, ಅದರ ಜೊತೆ ಅಂದಾಜು ಪಟ್ಟಿ. ಆಮೇಲೆ ಆಡಳಿತಾತ್ಮಕ ಅನುಮೋದನೆ, ಅಂದರೆ ‘ಈ ಕೆಲಸ ಬೇಕು, ಇಷ್ಟು ದುಡ್ಡು ಕೊಡುತ್ತೇವೆ’ ಎಂಬ ಒಪ್ಪಿಗೆ. ಆಮೇಲೆ ತಾಂತ್ರಿಕ ಮಂಜೂರಾತಿ, ಅಂದರೆ ‘ಈ ಅಳತೆ, ಈ ದರ ಸರಿ ಇದೆ’ ಎಂದು ಗೊತ್ತಿರುವವರ ಸಹಿ. ಆಮೇಲೆ ಟೆಂಡರು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999, ಎಲ್ಲರೂ ಕೆಟಿಪಿಪಿ ಎನ್ನುವುದು ಇದನ್ನೇ, ಇದರ ಪ್ರಕಾರ ನಡೆಯಬೇಕು. ಟೆಂಡರು ಎರಡು ಲಕೋಟೆಯಲ್ಲಿ ಬಂದರೆ, ತಾಂತ್ರಿಕ ಲಕೋಟೆಯಲ್ಲಿ ಪಾಸಾದವರದ್ದು ಮಾತ್ರ ದರದ ಲಕೋಟೆ ತೆರೆಯುತ್ತಾರೆ. ಆಮೇಲೆ ಕಾರ್ಯಾದೇಶ, ಕೆಲಸ, ಪರಿಶೀಲನೆ, ಬಿಲ್ಲು, ಖಜಾನೆ, ಕೊನೆಗೆ ದುಡ್ಡು ಅದೇ ಕೆಲಸಕ್ಕೆ ಖರ್ಚಾಯಿತು ಎಂಬ ಬಳಕೆ ಪ್ರಮಾಣಪತ್ರ. ಕೇಂದ್ರದ ದುಡ್ಡಾದರೆ ಈ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬರುವುದು ಕಷ್ಟ.

ಕೆಟಿಪಿಪಿ ಕಾಯ್ದೆ ಸಣ್ಣದು, ಕನ್ನಡದಲ್ಲೂ ಸಿಗುತ್ತದೆ. ಎರಡು ಸಂಜೆಯ ಓದು. ರಾಜ್ಯದ ಖರೀದಿ ಪೋರ್ಟಲಿಗೆ ಹೋಗಿ ಪೊಲೀಸ್ ಇಲಾಖೆಯ ಹಳೆಯ ಟೆಂಡರ್ ದಾಖಲೆಯೊಂದನ್ನು ತೆರೆದು ಮೊದಲ ಪುಟದಿಂದ ಕೊನೆಯವರೆಗೆ ಓದಿ. ವಿತರಣೆ ಯಾವಾಗ, ದಂಡ ಎಷ್ಟು, ವಾರಂಟಿ ಎಷ್ಟು ವರ್ಷ, ಕೆಟ್ಟರೆ ಎಷ್ಟು ಗಂಟೆಯೊಳಗೆ ಸರಿ ಮಾಡಬೇಕು ಎಂಬ ನಾಲ್ಕು ವಿಷಯಕ್ಕೆ ಗೆರೆ ಹಾಕಿ. ಹೀಗೆ ಐದು ದಾಖಲೆ ಓದಿದ ಹುಡುಗ ಸಂದರ್ಶನದಲ್ಲಿ ಕೂತರೆ ಎದುರಿಗಿದ್ದವರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಹಂತ 4: ಠಾಣೆಯವರನ್ನು ಕೇಳದೆ ಅಂದಾಜು ಬರೆಯಬೇಡಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಾನು ಕಲಿತದ್ದು ಇಲ್ಲೇ.

ಮೂಡಿಗೆರೆಯಿಂದ ಮೇಲೆ ಘಟ್ಟದ ಅಂಚಿನ ಒಂದು ಠಾಣೆ. ಕ್ಯಾಮೆರಾಗಳನ್ನು ಹಾಕಿ ಮುಗಿಸಿದ್ದೆ. ಪರದೆ ಮೇಲೆ ಎಲ್ಲ ಚಿತ್ರವೂ ಸ್ಪಷ್ಟ. ಸಹಿ ಮಾಡಿಸಿಕೊಳ್ಳಲು ರಿಪೋರ್ಟ್ ಮುಂದಿಟ್ಟೆ. ಅಲ್ಲಿನ ರೈಟರು, ಅಂದರೆ ಠಾಣೆಯ ಬರವಣಿಗೆ ಕೆಲಸ ನೋಡುವವರು, ಹಳೇ ಹೆಡ್ ಕಾನ್‌ಸ್ಟೆಬಲ್ಲು. ಕನ್ನಡಕ ಮೇಲೇರಿಸಿ ಮೂಲೆಯಲ್ಲಿದ್ದ ಯುಪಿಎಸ್ ಕಡೆ ಕೈ ತೋರಿಸಿದರು.

‘ಅಲ್ಲ ಕಣಪ್ಪಾ, ಇದು ಎಷ್ಟೊತ್ತು ತಡ್ಕಳ್ತದೆ?’

‘ಎರಡು ಗಂಟೆ ಬರುತ್ತೆ ಸರ್.’

‘ಆಷಾಢದಲ್ಲಿ ಮರ ಬಿದ್ರೆ ಲೈನ್‌ಮನ್ ಇಲ್ಲಿಗೆ ಹತ್ತಿ ಬರೋಕೇ ಎರಡು ದಿವ್ಸ ಬೇಕಲ್ಲಪ್ಪಾ.’

ಅವರು ಸಿಟ್ಟಿನಿಂದ ಹೇಳಲಿಲ್ಲ. ಸಹಿಯನ್ನೂ ಹಾಕಿದರು. ಟೆಂಡರಿನಲ್ಲಿ ಎರಡು ಗಂಟೆ ಎಂದೇ ಇತ್ತು, ನಾನು ಎರಡು ಗಂಟೆಯದ್ದೇ ಕೊಟ್ಟಿದ್ದೆ, ಕಾಗದದ ಮೇಲೆ ತಪ್ಪಿಲ್ಲ. ಆ ಮಳೆಗಾಲದಲ್ಲಿ ಲೈನ್ ಹೋದಾಗಲೆಲ್ಲ ಕ್ಯಾಮೆರಾ ಕಣ್ಣು ಮುಚ್ಚಿದವು. ದಾಖಲೆ ಉಳಿಸಲೆಂದೇ ಹಾಕಿದ ಕ್ಯಾಮೆರಾ, ದಾಖಲೆ ಇಲ್ಲ. ಸರ್ವೆಗೆಂದು ಬಂದ ದಿನವೇ ಆ ಒಂದು ಪ್ರಶ್ನೆಯನ್ನು ನಾನು ಕೇಳಿದ್ದರೆ ಅಂದಾಜು ಪಟ್ಟಿಯಲ್ಲೇ ಸರಿ ಮಾಡಿಸಬಹುದಿತ್ತು. ಇಂದಿಗೂ ಅದು ನನ್ನನ್ನು ಕಾಡುತ್ತದೆ.

ಲೆಕ್ಕ ಏನೂ ಕಷ್ಟದ್ದಲ್ಲ. ಹತ್ತು ಕ್ಯಾಮೆರಾ, ರೆಕಾರ್ಡರ್, ಸ್ವಿಚ್, ರೂಟರ್ ಎಲ್ಲ ಸೇರಿ ಸುಮಾರು 200 ವ್ಯಾಟ್ ಎಂದುಕೊಳ್ಳಿ. 24 ಗಂಟೆಗೆ 4,800 ವ್ಯಾಟ್-ಗಂಟೆ. 12 ವೋಲ್ಟ್, 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ ಕಾಗದದ ಪ್ರಕಾರ 1,800 ವ್ಯಾಟ್-ಗಂಟೆ ಇದೆ, ಕೈಗೆ ಸಿಗುವುದು 1,200 ಎಂದಿಟ್ಟುಕೊಂಡರೆ ಒಂದು ಹಗಲು ಒಂದು ರಾತ್ರಿಗೆ ನಾಲ್ಕು ಬ್ಯಾಟರಿ ಬೇಕು. ಅದಕ್ಕೂ ಮೀರಿ ಲೈನ್ ಬಾರದಿದ್ದರೆ ಜನರೇಟರು, ಅದಕ್ಕೆ ಡೀಸೆಲ್, ಡೀಸೆಲ್ಲಿಗೆ ಒಂದು ಲೆಕ್ಕಶೀರ್ಷಿಕೆ. ವಿದ್ಯುತ್ ಇಲ್ಲದ ಕಡೆ ಸೋಲಾರ್ ಆದರೂ ಒದಗಿಸಿ ಎಂದು ಸುಪ್ರೀಂ ಕೋರ್ಟು ಅದೇ ಆದೇಶದಲ್ಲಿ ಹೇಳಿದೆ. ಆದರೆ ಬಿಸಿಲೇ ಕಾಣದ ಜುಲೈ ತಿಂಗಳ ಕಳಸ, ಶೃಂಗೇರಿಯಲ್ಲಿ ಸೋಲಾರ್ ಒಂದನ್ನೇ ನಂಬಲಾಗದು. ಅರಸೀಕೆರೆಗೆ ಬರೆದ ಅಂದಾಜು ಕುದುರೆಮುಖಕ್ಕೆ ಹೊಂದುವುದಿಲ್ಲ. ಕಡೂರಿನ ಧೂಳು, ಕೊಪ್ಪದ ತೇವ, ಸಕಲೇಶಪುರದ ಸಿಡಿಲು ಮೂರಕ್ಕೂ ಮೂರು ಬೇರೆ ಔಷಧ.

ಹಾಗಾಗಿ ಸರ್ವೆಗೆ ಹೋದಾಗ ಇನ್‌ಸ್ಪೆಕ್ಟರನ್ನು ಕಂಡು ನಮಸ್ಕಾರ ಹೇಳಿ, ಆಮೇಲೆ ರೈಟರ ಪಕ್ಕ ಕೂರಿ. ಕರೆಂಟು ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಗೋಡೆ ಸೋರುತ್ತದೆ, ರಾತ್ರಿ ಠಾಣೆಯಲ್ಲಿ ಎಷ್ಟು ಜನ ಇರುತ್ತಾರೆ, ಯಾವ ಸಿಮ್ಮಿಗೆ ಸಿಗ್ನಲ್ ಸಿಗುತ್ತದೆ ಎಂದು ಕೇಳಿ. ವಿದ್ಯುತ್ ಕಂಪನಿ ಚಿಕ್ಕಮಗಳೂರಿಗೆ ಮೆಸ್ಕಾಂ, ಹಾಸನಕ್ಕೆ ಸೆಸ್ಕ್. ಆ ಭಾಗದ ಶಾಖಾಧಿಕಾರಿಯ ನಂಬರು ನಿಮ್ಮ ಫೋನಿನಲ್ಲಿರಲಿ. ಠಾಣೆಯವರು ಸಾಮಾನ್ಯವಾಗಿ ತಾವಾಗಿ ಹೇಳುವುದಿಲ್ಲ. ಕೇಳಿದರೆ ಎಲ್ಲವನ್ನೂ ಹೇಳುತ್ತಾರೆ.

ಹಂತ 5: ವರ್ಷದಲ್ಲಿ ಕೆಲಸಕ್ಕೆ ಸಿಗುವ ದಿನಗಳನ್ನು ಎಣಿಸಿ

ಪಠ್ಯಪುಸ್ತಕದ ಪ್ರಾಜೆಕ್ಟಿಗೆ ಹನ್ನೆರಡು ತಿಂಗಳು. ನಮ್ಮ ಜಿಲ್ಲೆಗಳಲ್ಲಿ ಅಷ್ಟಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದರೆ ಸಾಮಾನೂ ಬರುವುದಿಲ್ಲ, ಸಿಬ್ಬಂದಿಯೂ ರಸ್ತೆಯ ಮೇಲೆ. ಮಳೆಯ ನಡುವೆಯೇ ಗಣೇಶನ ಮೆರವಣಿಗೆಗಳು. ಮಳೆ ಬಿಡುವಷ್ಟರಲ್ಲಿ ಹಾಸನದಲ್ಲಿ ಹಾಸನಾಂಬೆ ದೇವಿಯ ದರ್ಶನ. ಡಿಸೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ ದತ್ತಜಯಂತಿ. ಬೇರೆ ಜಿಲ್ಲೆಗಳಿಂದ ಸಿಬ್ಬಂದಿ ಬಂದು ಇಳಿಯುತ್ತಾರೆ, ಅವರಿಗೆ ವಸತಿ, ಊಟ, ವಾಹನ ನೋಡುವುದರಲ್ಲೇ ಜಿಲ್ಲಾ ಕಚೇರಿ ಮುಳುಗಿರುತ್ತದೆ. ಆ ವಾರ ನೀವು ತರಬೇತಿಗೆ ಜನ ಕೇಳಿದರೆ ಯಾರೂ ಸಿಗುವುದಿಲ್ಲ, ಕೇಳಿದ್ದಕ್ಕೆ ಬೇಜಾರೂ ಆಗುತ್ತಾರೆ. ಚುನಾವಣೆ ಬಂದರೆ ನೀತಿಸಂಹಿತೆ, ಹೊಸ ಟೆಂಡರೇ ಇಲ್ಲ.

ಇನ್ನೊಂದು ಕಡೆ ಮಾರ್ಚ್ 31ಕ್ಕೆ ಖರ್ಚಾಗದ ದುಡ್ಡು ವಾಪಸು. ಆದೇಶ ಮಾತ್ರ ಎಷ್ಟೋ ಸಲ ಫೆಬ್ರುವರಿಯಲ್ಲಿ ಬರುತ್ತದೆ. ಲೆಕ್ಕ ಹಾಕಿದರೆ ನಿಶ್ಚಿಂತೆಯಾಗಿ ಕೆಲಸ ಮಾಡಲು ಸಿಗುವುದು ನವೆಂಬರಿನ ಕೆಲವು ವಾರ, ಆಮೇಲೆ ಜನವರಿಯಿಂದ ಮೇವರೆಗೆ. ಅಂದಾಜು, ಟೆಂಡರ್ ದಾಖಲೆ, ಸರ್ವೆ ಎಲ್ಲವನ್ನೂ ಮಳೆಗಾಲದಲ್ಲಿ ಕೂತು ಮುಗಿಸಿ, ಮಳೆ ನಿಂತ ಕೂಡಲೇ ಕಾರ್ಯಾದೇಶ ಕೈಯಲ್ಲಿರುವಂತೆ ನೋಡಿಕೊಂಡವರ ಕೆಲಸ ಮುಗಿಯುತ್ತದೆ. ಗೋಡೆಗೆ ಒಂದು ದೊಡ್ಡ ಕ್ಯಾಲೆಂಡರು ಅಂಟಿಸಿ ಈ ಎಲ್ಲ ದಿನಗಳಿಗೆ ಕೆಂಪು ಬಣ್ಣ ಹಚ್ಚಿ; ಸಾಫ್ಟ್‌ವೇರ್ ಆಮೇಲೆ ಕಲಿಯಬಹುದು.

ಈ ಲೆಕ್ಕ ಕಲಿಯಲು ಹಾಸನಾಂಬೆಯ ಬಂದೋಬಸ್ತಿಗಿಂತ ಒಳ್ಳೆಯ ಪಾಠ ಇಲ್ಲ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ದೇವಸ್ಥಾನದ ಬಾಗಿಲು ತೆರೆಯುತ್ತದೆ. ಆ ದಿನವನ್ನು ಯಾರ ಸಹಿಯೂ ಮುಂದೂಡಲಾರದು. ಹಾಗಾಗಿ ಎಲ್ಲವನ್ನೂ ಅಲ್ಲಿಂದ ಹಿಂದಕ್ಕೆ ಎಣಿಸಬೇಕು: ಹಿಂದಿನ ದಿನ ಸಿಬ್ಬಂದಿಗೆ ಪಾಯಿಂಟು ಹಂಚಿಕೆ, ಅದಕ್ಕೂ ಮುಂಚೆ ಬ್ಯಾರಿಕೇಡು, ಅದಕ್ಕೂ ಮುಂಚೆ ಧರ್ಮದರ್ಶನ ಮತ್ತು ಟಿಕೆಟ್ ಸಾಲುಗಳ ನಕ್ಷೆ, ಅದಕ್ಕೂ ಮುಂಚೆ ಪಾರ್ಕಿಂಗ್ ಜಾಗಕ್ಕೆ ಮಹಾನಗರ ಪಾಲಿಕೆಯ ಒಪ್ಪಿಗೆ, ಕಂಟ್ರೋಲ್ ರೂಮಿಗೆ ಕ್ಯಾಮೆರಾ, ಸಾಲಿನಲ್ಲಿ ನಿಂತ ವಯಸ್ಸಾದವರಿಗೆ ನೀರು, ನೆರಳು, ಆಂಬುಲೆನ್ಸ್ ಹೊರಬರುವ ದಾರಿ. ಕಂದಾಯ, ಮುಜರಾಯಿ, ಪಾಲಿಕೆ, ಆರೋಗ್ಯ, ಸೆಸ್ಕ್ ಎಲ್ಲರೂ ಇರುತ್ತಾರೆ. ಯಾರಿಗೂ ಯಾರೂ ಅಧೀನರಲ್ಲ. ಹೀಗೆ ಬೇರೆ ಬೇರೆ ಇಲಾಖೆಯವರನ್ನು ಒಂದೇ ದಿನಾಂಕಕ್ಕೆ ಕೂಡಿಸುವುದೇ ಪ್ರಾಜೆಕ್ಟ್ ನಿರ್ವಹಣೆ.

ಹಂತ 6: ಕೆಲಸ ಸಿಗುವ ಮುಂಚೆಯೇ ಸಣ್ಣದೊಂದನ್ನು ಮಾಡಿ ತೋರಿಸಿ

ಗೃಹರಕ್ಷಕ ದಳಕ್ಕೆ ಸೇರಿದರೆ ಈ ಬಂದೋಬಸ್ತುಗಳನ್ನು ಒಳಗಿನಿಂದ ನೋಡಬಹುದು. ದಿನವಿಡೀ ನಿಲ್ಲಬೇಕು, ಕಾಲು ನೋಯುತ್ತದೆ. ಆದರೆ ಸಾಲು ಎಲ್ಲಿ ಕಟ್ಟಿಕೊಳ್ಳುತ್ತದೆ, ಏಕೆ ಕಟ್ಟಿಕೊಳ್ಳುತ್ತದೆ ಎಂದು ನಿಂತು ನೋಡಿದವರಿಗೆ ಬೇರೆ ಯಾರೂ ಪಾಠ ಹೇಳಬೇಕಾಗಿಲ್ಲ. ಎನ್‌ಸಿಸಿ, ಎನ್‌ಎಸ್‌ಎಸ್‌ನಲ್ಲಿರುವವರು ಕಾಲೇಜಿನ ಮೂಲಕ ಸಂಚಾರ ಠಾಣೆಗೆ ಪತ್ರ ಬರೆದು, ನಿಮ್ಮ ಊರಿನ ಒಂದು ವೃತ್ತದಲ್ಲಿ ಶಾಲೆ ಬಿಡುವ ಹೊತ್ತಿನ ವಾಹನ ಎಣಿಕೆ ಮಾಡಿಕೊಡುತ್ತೇವೆ ಎಂದು ಕೇಳಬಹುದು. ಎರಡು ವಾರ ಎಣಿಸಿ, ಎರಡು ಪುಟದ ವರದಿ, ಒಂದು ನಕ್ಷೆ, ಮೂರು ಸಲಹೆ, ಪ್ರತಿಯೊಂದಕ್ಕೂ ತಗಲುವ ಖರ್ಚು. ಮುಳ್ಳಯ್ಯನಗಿರಿ ದಾರಿಯಲ್ಲಿ ವಾರಾಂತ್ಯದ ವಾಹನಗಳ ಸಮಸ್ಯೆ ಎಲ್ಲರಿಗೂ ಗೊತ್ತಿರುವಂಥದ್ದು. ಅಲ್ಲಿಗೆ ಹೋಗಲು ಆನ್‌ಲೈನ್ ಬುಕಿಂಗ್ ಬಂದಿದೆ. ಅದರಿಂದ ಕೈಮರದ ಚೆಕ್‌ಪೋಸ್ಟಿನಲ್ಲಿ ಏನು ಬದಲಾಯಿತು ಎಂದು ನಿಂತು ನೋಡಿ ಬರೆದರೂ ಅದು ಒಳ್ಳೆಯ ಅಧ್ಯಯನವೇ.

ಬಯೋಡೇಟಾದಲ್ಲಿ ‘ನಾಯಕತ್ವ ಗುಣ’ ಎಂದು ಬರೆಯುವ ಜಾಗದಲ್ಲಿ ಈ ವರದಿಯನ್ನು ಲಗತ್ತಿಸಿ. ಸಂದರ್ಶನದಲ್ಲಿ ಖಂಡಿತ ಬರುವ ಪ್ರಶ್ನೆ: ‘ಗುತ್ತಿಗೆದಾರ ತಡ ಮಾಡುತ್ತಿದ್ದಾನೆ, ಏನು ಮಾಡ್ತೀರಿ?’ ಕೂಡಲೇ ದಂಡ ಹಾಕ್ತೀವಿ ಎನ್ನಬೇಡಿ. ತಡ ಯಾಕಾಯಿತು ಎಂದು ಮೊದಲು ಸ್ಥಳಕ್ಕೆ ಹೋಗಿ ನೋಡುತ್ತೇನೆ, ನಮ್ಮ ಕಡೆಯಿಂದ ಜಾಗ ಬಿಟ್ಟುಕೊಡುವುದು ತಡವಾಗಿದೆಯೇ ನೋಡುತ್ತೇನೆ, ಅವರದ್ದೇ ತಪ್ಪಾದರೆ ಕರಾರಿನ ಕಲಂ ತೋರಿಸಿ ಲಿಖಿತ ನೋಟಿಸ್ ಕೊಡುತ್ತೇನೆ ಎಂದು ಕ್ರಮವಾಗಿ ಹೇಳಿ. ಗುತ್ತಿಗೆ ಕೆಲಸವಾದರೂ ಪೊಲೀಸ್ ಪರಿಶೀಲನೆ ನಡೆಯುತ್ತದೆ. ನಿಮ್ಮ ಮೇಲೆ ಯಾವುದಾದರೂ ಪ್ರಕರಣ ಇದ್ದರೆ ಮುಚ್ಚಿಡಬೇಡಿ.

ಹಂತ 7: ಸೇರಿದ ಮೊದಲ ಮೂರು ತಿಂಗಳು

ಮೊದಲ ತಿಂಗಳು ಬರೀ ಓದಿ. ಕಾರ್ಯಾದೇಶ, ಕರಾರು, ಹಿಂದಿನ ಸಭೆಗಳ ನಡಾವಳಿ. ಎರಡನೇ ತಿಂಗಳು ಠಾಣೆಗಳಿಗೆ ಹೋಗಿ. ಎಲ್ಲ ಠಾಣೆಗೂ, ದೂರದ್ದಕ್ಕೆ ಮೊದಲು. ಮೂರನೇ ತಿಂಗಳಿನಿಂದ ಒಂದೇ ಪುಟದ ವಾರದ ವರದಿ ಶುರು ಮಾಡಿ: ಏನಾಯಿತು, ಏನು ನಿಂತಿದೆ, ಯಾರ ಸಹಿಗೆ ನಿಂತಿದೆ, ಮುಂದಿನ ವಾರ ಏನು. ಎಸ್‌ಪಿಯವರಿಗೆ ಹತ್ತು ಪುಟ ಓದಲು ಪುರುಸೊತ್ತಿಲ್ಲ. ತಿಂಗಳ ಅಪರಾಧ ಸಭೆಗೆ ಎಲ್ಲ ಠಾಣಾಧಿಕಾರಿಗಳೂ ಬರುತ್ತಾರೆ. ಅಲ್ಲಿ ಹತ್ತು ನಿಮಿಷ ಸಿಕ್ಕರೆ ಹತ್ತು ದಿನದ ಓಡಾಟ ಉಳಿಯುತ್ತದೆ.

ಖಾಕಿ ಹಾಕದೆ ಖಾಕಿಯವರ ನಡುವೆ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ಠಾಣೆಯಲ್ಲಿ ನಿಮ್ಮ ಕಿವಿಗೆ ಬಿದ್ದದ್ದು, ಪರದೆಯ ಮೇಲೆ ಕಂಡದ್ದು ಅಲ್ಲೇ ಉಳಿಯಬೇಕು. ಲಾಕಪ್ಪಿನ ಚಿತ್ರ, ದೂರುದಾರರ ಹೆಸರು, ಎಫ್‌ಐಆರ್‌ನ ಫೋಟೊ ನಿಮ್ಮ ಫೋನಿನಲ್ಲಿ ಇರಕೂಡದು. ಕೆಲಸ ಮುಗಿದ ಪುರಾವೆಗೆ ಫೋಟೊ ಬೇಕಾದರೆ ಜನರಿಲ್ಲದ ಹೊತ್ತಿನಲ್ಲಿ, ಠಾಣಾಧಿಕಾರಿಯ ಒಪ್ಪಿಗೆ ಪಡೆದು ತೆಗೆಯಿರಿ. ನೊಂದು ಠಾಣೆಗೆ ಬಂದವರ ಕಥೆ ನಿಮ್ಮ ವಾಟ್ಸಾಪಿಗೆ ಸಾಮಾನಲ್ಲ.

ಬಳಸುವವರು ಕಲಿಯದಿದ್ದರೆ ಯಂತ್ರ ಮೂಲೆ ಸೇರುತ್ತದೆ. ತರಬೇತಿಯನ್ನು ಸಭಾಂಗಣದಲ್ಲಿ ಒಂದು ದಿನ ಮಾಡಿ ಹಾಜರಿ ಸಹಿ ತೆಗೆದುಕೊಂಡು ಮುಗಿಸುವುದು ಸುಲಭ. ಅದರ ಬದಲು ಪಾಳಿ ಬದಲಾಗುವ ಹೊತ್ತಿಗೆ ಠಾಣೆಗೇ ಹೋಗಿ ಅರ್ಧ ಗಂಟೆ ತೋರಿಸಿ, ಅದೂ ಕನ್ನಡದಲ್ಲಿ.

ಹಂತ 8: ಅಧಿಕಾರಿ ಬದಲಾದರೂ ಕೆಲಸ ನಿಲ್ಲದಂತೆ

2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಎಸ್‌ಪಿ, ಠಾಣಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂದು ಹೇಳಿದೆ. ಆದರೂ ವರ್ಗಾವಣೆ ಯಾವಾಗ ಬರುತ್ತದೆ ಎಂದು ಹೇಳಲಾಗದು. ಹೊಸ ಸಾಹೇಬರು ಬಂದ ವಾರವೇ ಅವರ ಮುಂದೆ ಕಡತ ಇಟ್ಟು ‘ಇಲ್ಲಿಗೆ ಬಂದಿದ್ದೇವೆ, ಇದು ಉಳಿದಿದೆ, ನಿಮ್ಮಿಂದ ಈ ಒಂದು ತೀರ್ಮಾನ ಬೇಕು’ ಎಂದು ಹೇಳಿ. ಹಿಂದಿನವರನ್ನು ಹೊಗಳಲೂ ಬೇಡಿ, ದೂರಲೂ ಬೇಡಿ. ಬಾಯಿಮಾತಿನ ಆದೇಶ ಬಂದರೆ ಅದೇ ದಿನ ‘ತಾವು ತಿಳಿಸಿದಂತೆ’ ಎಂದು ಟಿಪ್ಪಣಿ ಹಾಕಿ ಕಡತಕ್ಕೆ ಸೇರಿಸಿ. ನಾಳೆ ಲೆಕ್ಕಪರಿಶೋಧನೆಯವರೋ ಲೋಕಾಯುಕ್ತದವರೋ ಕೇಳಿದರೆ, ಮಾಹಿತಿ ಹಕ್ಕಿನಲ್ಲಿ ಯಾರಾದರೂ ಅರ್ಜಿ ಹಾಕಿದರೆ, ನಿಮ್ಮ ಪರವಾಗಿ ಮಾತಾಡುವುದು ಆ ಹಾಳೆ.

ನೀವೂ ಒಂದು ದಿನ ಆ ಯೋಜನೆ ಬಿಟ್ಟು ಹೊರಡುತ್ತೀರಿ. ಹೊರಡುವ ಮುನ್ನ ಪ್ರತಿ ಠಾಣೆಯಲ್ಲೂ ಒಂದು ಹಸ್ತಾಂತರ ಪುಸ್ತಕ ಇಡಿ: ಯಾವ ಉಪಕರಣ, ಯಾವ ದಿನ ಹಾಕಿದ್ದು, ವಾರಂಟಿ ಎಂದಿನವರೆಗೆ, ಕೆಟ್ಟರೆ ಯಾವ ನಂಬರಿಗೆ ಕರೆ ಮಾಡಬೇಕು. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬೇಡ, ಲಕೋಟೆಯಲ್ಲಿ ಮುಚ್ಚಿ ಠಾಣಾಧಿಕಾರಿಗೆ ಕೊಡಿ. ಮಲೆನಾಡಿನ ತೇವಕ್ಕೆ ಕಾಗದ ಬೂಸ್ಟು ಹಿಡಿಯುತ್ತದೆ, ಪುಟಗಳನ್ನು ಲ್ಯಾಮಿನೇಟ್ ಮಾಡಿಸಿ. ಬ್ಯಾಟರಿ ಹಾಕಿದ ದಿನಾಂಕ ಮತ್ತು ಅದನ್ನು ಬದಲಿಸಬೇಕಾದ ತಿಂಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಯುಪಿಎಸ್ ಮೇಲೇ ಅಂಟಿಸಿ, ರೈಟರ ಕುರ್ಚಿಯಿಂದ ಕಾಣುವ ಹಾಗೆ.